ಕನ್ನಡ ಬಂದರೂ ಸಿಗದ ಬಾಡಿಗೆ ಮನೆ

ಮಾನ್ಯ ಸಂಪಾದಕರೇ,

ಬೆಂಗಳೂರಿಗೆ ಬರುವ ಈಶಾನ್ಯ ರಾಜ್ಯಗಳವರು, ಆಫ್ರಿಕಾದ ವಿದ್ಯಾರ್ಥಿಗಳು ನಾಲ್ಕು ಮಾತು ಕನ್ನಡ ಕಲಿತರೆ ಸಾಕು, ಇಲ್ಲಿನವರು ಅವರನ್ನು ಮನೆಯವರಂತೆ ನೋಡಿಕೊಳ್ಳುತ್ತಾರೆ, ಜನಾಂಗ ದ್ವೇಷದ ಮಾತೇ ಏಳುವುದಿಲ್ಲ ಎಂದು ಹಿರಿಯರೊಬ್ಬರು ಕಳೆದ ವಾರ ನಿಮ್ಮ ಓದುಗರ ಅಂಕಣದಲ್ಲಿ ಬರೆದಿದ್ದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಅವರು ಹೇಳಿದ್ದು ನಿಜವಲ್ಲ ಎಂಬುದನ್ನು ತಿಳಿಸಲೆಂದೇ ಈ ಪತ್ರ.

ನಾನು ಯಲ್ಲಾಪುರ ತಾಲ್ಲೂಕಿನ ಸಿದ್ದಿ ಸಮುದಾಯದವಳು. ಮನೆಯಲ್ಲಿ ಕೊಂಕಣಿ; ಶಾಲೆಯಲ್ಲಿ, ಪೇಟೆಯಲ್ಲಿ, ಜಾತ್ರೆಯಲ್ಲಿ ಎಲ್ಲವೂ ಕನ್ನಡ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ನಮ್ಮದು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ತಲೆಮಾರುಗಳಿಂದ ಇದ್ದೇವೆ. ನಮ್ಮಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಆಗ ನಮ್ಮ ಕೇರಿಯಲ್ಲಿ ಹಬ್ಬದ ವಾತಾವರಣವಿತ್ತು. ಇಷ್ಟನ್ನೂ ಹೇಳಬೇಕಾದದ್ದು ಏಕೆಂದರೆ, ಬೆಂಗಳೂರಿನಲ್ಲಿ ಸಿದ್ದಿ ಎಂದರೆ ಯಾರೆಂದು ಕೇಳುವವರೇ ಹೆಚ್ಚು. ನನ್ನ ಗುಂಗುರು ಕೂದಲು, ಮೈಬಣ್ಣ ನೋಡಿದವರು ನನ್ನೊಂದಿಗೆ ಮಾತು ಶುರು ಮಾಡುವುದೇ ಇಂಗ್ಲಿಷಿನಲ್ಲಿ.

ಹೆಸರಘಟ್ಟ ರಸ್ತೆಯ ಆಸುಪಾಸಿನಲ್ಲಿ ಬಾಡಿಗೆ ಮನೆ ಹುಡುಕಿದ ಅನುಭವ ಹೇಳುತ್ತೇನೆ. ಫೋನಿನಲ್ಲಿ ಮಾಲೀಕರು ಬಹಳ ಆದರದಿಂದ ಮಾತನಾಡಿದರು. ‘ಯಲ್ಲಾಪುರದವರಾ? ನಾವು ಮಾಗೋಡು ಜಲಪಾತ ನೋಡಲು ಬಂದಿದ್ದೆವಮ್ಮ, ಒಳ್ಳೆಯ ಜನ ನಿಮ್ಮ ಕಡೆಯವರು’ ಎಂದು ಹೊಗಳಿ, ಅಂದು ಸಂಜೆಯೇ ಬಂದು ಮನೆ ನೋಡಲು ಹೇಳಿದರು. ಹೋದೆ. ಗೇಟು ತೆರೆದವರು ನನ್ನನ್ನು ನೋಡಿ ಅಲ್ಲೇ ನಿಂತರು. ಒಳಗಿನಿಂದ ಬಂದ ಅವರ ಹೆಂಡತಿ, ನನಗೆ ಅರ್ಥವಾಗುವುದಿಲ್ಲ ಎಂದುಕೊಂಡು, ನನ್ನ ಎದುರಿಗೇ ಗಂಡನಿಗೆ ಹೇಳಿದರು: ‘ಇವರೆಲ್ಲ ರಾತ್ರಿಯೆಲ್ಲ ಕುಡಿದು ಕೂಗಾಡುವವರು, ಮನೆ ಖಾಲಿ ಇಲ್ಲ ಅಂದುಬಿಡಿ.’ ‘ಅಮ್ಮಾ, ಫೋನ್ ಮಾಡಿದವಳು ನಾನೇ’ ಎಂದೆ. ಇಬ್ಬರ ಮುಖವೂ ಕಪ್ಪಿಟ್ಟಿತು. ಆದರೂ ಮನೆ ಕೊಡಲಿಲ್ಲ. ಮೊದಲು ಪಾಸ್‌ಪೋರ್ಟ್ ಕೇಳಿದರು. ಆಧಾರ್ ಕಾರ್ಡ್ ಕೊಟ್ಟರೆ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಮಗನನ್ನು ಕೇಳಿ ತಿಳಿಸುತ್ತೇವೆ ಎಂದರು. ತಿಳಿಸಲಿಲ್ಲ. ಹಿರಿಯರು ಹೇಳಿದ ನಾಲ್ಕು ಮಾತು ಕನ್ನಡ ನನ್ನ ಬಾಯಲ್ಲಿ ಇದ್ದೇ ಇತ್ತಲ್ಲ, ಅದು ಆ ಗೇಟು ದಾಟಿಸಲಿಲ್ಲ.

ಇನ್ನೊಂದು ಪ್ರಸಂಗ ನಾನು ಕೆಲಸ ಮಾಡುವ ಆಸ್ಪತ್ರೆಯದು. ನಾನು ಶುಶ್ರೂಷಕಿ. ಮಹಿಳಾ ವಾರ್ಡಿನಲ್ಲಿ ಕನಕಪುರ ಕಡೆಯ ಅಜ್ಜಿಯೊಬ್ಬರು ದಾಖಲಾಗಿದ್ದರು. ಮೊದಲ ದಿನ ‘ನೀನು ಯಾವ ದೇಶದವಳು ಮಗಳೇ?’ ಎಂದು ಕೇಳಿದರು. ಉತ್ತರ ಕೇಳಿ ಬೊಚ್ಚು ಬಾಯಿ ತುಂಬ ನಕ್ಕು, ಸಂಜೆ ಬಂದ ನೆಂಟರಿಗೆಲ್ಲ ನನ್ನ ಕಥೆ ಹೇಳಿದರು. ಅಂಥ ಪ್ರಶ್ನೆಯಿಂದ ನನಗೆ ಎಂದೂ ಬೇಸರವಾಗಿಲ್ಲ. ಕಾಣದ್ದನ್ನು ಕಂಡಾಗ ಕೇಳುವುದು ಮನುಷ್ಯ ಸಹಜ. ಎರಡು ದಿನದ ಮೇಲೆ ಪಕ್ಕದ ಹಾಸಿಗೆಗೆ ಕಾಂಗೋ ದೇಶದ ವಿದ್ಯಾರ್ಥಿನಿಯೊಬ್ಬಳು ಬಂದಳು. ಡೆಂಗಿ ಜ್ವರ, ಪ್ಲೇಟ್‌ಲೆಟ್ ಇಳಿಯುತ್ತಿತ್ತು, ಡ್ರಿಪ್ ಹಾಕಿದ ಕೈಯನ್ನೂ ಎತ್ತಲಾರದೆ ಮಲಗಿದ್ದಳು. ಅಜ್ಜಿಯ ಮಗ ನನ್ನನ್ನು ಹೊರಗೆ ಕರೆದು, ‘ಸಿಸ್ಟರ್, ಅಮ್ಮನ ಹಾಸಿಗೆ ಬದಲಿಸಿಕೊಡಿ, ಇವರಿಂದ ಏನೇನು ರೋಗ ಅಂಟುತ್ತದೋ’ ಎಂದರು. ಡೆಂಗಿ ಹರಡುವುದು ಸೊಳ್ಳೆಯಿಂದ, ಪಕ್ಕದಲ್ಲಿ ಮಲಗಿದರೆ ಬರುವುದಿಲ್ಲ ಎಂದೆ. ಆ ಸೊಳ್ಳೆಯೂ ಬೆಂಗಳೂರಿನದೇ ಎಂದು ಸೇರಿಸಿದೆ. ‘ನೀವು ಬಿಡಿ ಸಿಸ್ಟರ್, ನೀವು ನಮ್ಮವರು. ಅವರ ಮಾತು ಬೇರೆ’ ಎಂದರು.

ಈ ‘ನಮ್ಮವರು’ ಎಂಬ ರಿಯಾಯಿತಿ ನನಗೆ ಬೇಡ. ಕನ್ನಡ ಬರುತ್ತದೆ, ಆಧಾರ್ ಇದೆ, ಊರು ಇದೆ ಎಂಬ ಕಾರಣಕ್ಕೆ ನನ್ನನ್ನು ಮನುಷ್ಯಳೆಂದು ಒಪ್ಪಿಕೊಂಡು, ನನ್ನದೇ ಮೈಬಣ್ಣದ ಆ ಹುಡುಗಿಯನ್ನು ಒಪ್ಪದಿದ್ದರೆ ಅದರಲ್ಲಿ ನನಗೆ ಯಾವ ಗೌರವವೂ ಇಲ್ಲ. ನಾಳೆ ಬಸ್ಸಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಯಾರಾದರೂ ಕೈ ಎತ್ತಿದರೆ ಕನ್ನಡ ಆಡಲು ನನಗೆ ಸಮಯವಾದರೂ ಎಲ್ಲಿರುತ್ತದೆ?

ಇದು ಕಲ್ಪನೆಯ ಭಯವಲ್ಲ. 2016ರ ಜನವರಿ 31ರ ರಾತ್ರಿ ನಮ್ಮ ಇದೇ ಹೆಸರಘಟ್ಟ ರಸ್ತೆಯಲ್ಲಿ ಸುಡಾನ್ ದೇಶದವನೊಬ್ಬನ ಕಾರು ಹರಿದು ಮಹಿಳೆಯೊಬ್ಬರು ಸತ್ತರು. ಘೋರ ಅಪಘಾತ. ಆ ಕುಟುಂಬದ ದುಃಖ ದೊಡ್ಡದು, ಚಾಲಕನಿಗೆ ಶಿಕ್ಷೆಯಾಗಬೇಕಾದದ್ದೇ. ಆದರೆ ಸೇರಿದ ಗುಂಪು, ಆಮೇಲೆ ಬೇರೆ ಕಾರಿನಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯನ್ನು ಎಳೆದು ಹೊಡೆಯಿತು, ಕಾರಿಗೆ ಬೆಂಕಿ ಇಟ್ಟಿತು. ಇದು ಜನಾಂಗೀಯ ದಾಳಿಯಲ್ಲ ಎಂದು ಆಗಿನ ಗೃಹ ಸಚಿವರು ಹೇಳಿದರು. ಸುಡಾನಿನವನ ತಪ್ಪಿಗೆ ಟಾಂಜಾನಿಯಾದವಳಿಗೆ ಏಟು ಬಿದ್ದದ್ದು ಬಣ್ಣದಿಂದಲ್ಲದೆ ಇನ್ನಾವುದರಿಂದ? ಆ ಗುಂಪಿಗೆ ಆ ಹೊತ್ತಿನಲ್ಲಿ ನಾನು ಸಿಕ್ಕಿದ್ದರೂ ಆಗುತ್ತಿತ್ತು. ಈಶಾನ್ಯದವರ ಪಾಡೂ ಇಂಥದ್ದೇ. 2012ರ ಆಗಸ್ಟ್‌ನಲ್ಲಿ ಮೊಬೈಲ್ ಸಂದೇಶಗಳ ವದಂತಿ ನಂಬಿ ಸಾವಿರಾರು ಜನ ಗುವಾಹಟಿ ರೈಲು ಹತ್ತಲು ಸಿಟಿ ರೈಲು ನಿಲ್ದಾಣದಲ್ಲಿ ಮುಗಿಬಿದ್ದರು. ವದಂತಿ ಸುಳ್ಳಾಗಿತ್ತು. ಅದನ್ನು ಅಷ್ಟು ಬೇಗ ನಂಬುವಷ್ಟು ಹೆದರಿಕೆ ಅವರೊಳಗೆ ಮೊದಲೇ ಇತ್ತಲ್ಲ, ಅದು ನಿಜವಾದದ್ದು.

2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲದ ಯುವಕ ನಿಡೋ ತಾನಿಯಾ ಹಲ್ಲೆಯಿಂದ ಸತ್ತ ಮೇಲೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ರಚಿಸಿತು. ಜನಾಂಗದ ಹೆಸರಿನಲ್ಲಿ ಹೀಯಾಳಿಸುವುದನ್ನೇ ಅಪರಾಧವಾಗಿಸುವ ಪ್ರತ್ಯೇಕ ಕಲಂ ಬೇಕೆಂದು ಸಮಿತಿ ಅದೇ ವರ್ಷ ವರದಿ ಕೊಟ್ಟಿತು. 2024ರ ಜುಲೈ 1ರಿಂದ ಹೊಸ ಭಾರತೀಯ ನ್ಯಾಯ ಸಂಹಿತೆಯೇ ಜಾರಿಗೆ ಬಂದರೂ ಆ ಕಲಂ ಅದರಲ್ಲಿ ಬರಲಿಲ್ಲ. ಪರಿಶಿಷ್ಟ ಪಂಗಡದವಳೆಂಬ ನೆಲೆಯಲ್ಲಿ ನನಗೆ ಕಾನೂನಿನ ಒಂದು ಆಸರೆಯಾದರೂ ಇದೆ. ಆ ಕಾಂಗೋ ಹುಡುಗಿಗೆ ಅದೂ ಇಲ್ಲ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ ಇದೆ. ಮಾದಕ ವಸ್ತು ಮಾರುವವನು ಸಿಕ್ಕಿಬಿದ್ದರೆ ಅವನ ಹೆಸರು ಹಾಕಿ, ದೇಶವನ್ನೂ ಹಾಕಿ, ಬೇಡವೆನ್ನುವುದಿಲ್ಲ. ಆದರೆ ಒಬ್ಬನ ಅಪರಾಧಕ್ಕೆ ‘ಆಫ್ರಿಕನ್ನರ ಹಾವಳಿ’ ಎಂಬ ಶೀರ್ಷಿಕೆ ಕೊಡಬೇಡಿ. ಆ ಶೀರ್ಷಿಕೆ ಬಂದ ದಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಾಗಿಯೇ ಇರುತ್ತದೆ.

ಕೊನೆಯದಾಗಿ ಪೊಲೀಸರಿಗೆ ಒಂದು ಮನವಿ. ವಿದೇಶಿಯರಿಗೆ ಮನೆ ಕೊಟ್ಟವರು 24 ಗಂಟೆಯೊಳಗೆ ನಿಗದಿತ ನಮೂನೆಯಲ್ಲಿ ಆನ್‌ಲೈನ್ ಮೂಲಕ ಮಾಹಿತಿ ಕೊಡಬೇಕೆಂಬ ನಿಯಮ ನಮ್ಮ ಕಡೆಯ ಅನೇಕ ಮಾಲೀಕರಿಗೆ ಸರಿಯಾಗಿ ಗೊತ್ತಿಲ್ಲ. ಠಾಣೆಯ ಅಲೆದಾಟಕ್ಕೆ ಹೆದರಿಯೇ ಬೇಡವೆನ್ನುವವರೂ ಅವರಲ್ಲಿದ್ದಾರೆ. ಹೆಸರಘಟ್ಟ ರಸ್ತೆ, ಚಿಕ್ಕಬಾಣಾವರ, ಸೋಲದೇವನಹಳ್ಳಿ ಭಾಗದಲ್ಲಿ ವಾರಕ್ಕೊಂದು ದಿನ ಠಾಣೆಯಲ್ಲೇ ಕುಳಿತು ಈ ನಮೂನೆ ತುಂಬುವುದನ್ನು ಕನ್ನಡದಲ್ಲಿ ಹೇಳಿಕೊಡುವ ಸಿಬ್ಬಂದಿಯೊಬ್ಬರನ್ನು ನೇಮಿಸಿದರೆ, ಹೊಸ ಶೈಕ್ಷಣಿಕ ವರ್ಷಕ್ಕೆ ಬರುವ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಮನೆ ಸಿಗುತ್ತದೆ.

— ಯಲ್ಲಾಪುರ ಮೂಲದ ಶುಶ್ರೂಷಕಿ, ಹೆಸರಘಟ್ಟ ರಸ್ತೆ, ಬೆಂಗಳೂರು