ಮಕ್ಕಳು ಬಂದಿದ್ದು ಶಾಲು ಹೊದಿಸೋದನ್ನ ನೋಡೋಕಲ್ಲ

ಮಾನ್ಯ ಸಂಪಾದಕರೇ,

ಮೊನ್ನೆ ರಾಯಚೂರಿನಲ್ಲಿ ನಡೆದ ವಿಜ್ಞಾನ ಕಾರ್ಯಕ್ರಮದ ವರದಿ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ವೇದಿಕೆ ಮೇಲಿದ್ದವರ ಹೆಸರು ಒಂದೂ ಬಿಟ್ಟಿಲ್ಲ. ಸ್ವಾಗತಿಸಿದವರು, ವಂದಿಸಿದವರು, ನಿರೂಪಿಸಿದವರು ಎಲ್ಲರೂ ಇದ್ದಾರೆ. ಮಕ್ಕಳು ಯಾವುದನ್ನು ನೋಡಲು ಬಂದಿದ್ದರೋ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು. ಅದೂ ತಪ್ಪು. 'ಪೆರೋವ್‌ಸ್ಕೈಟ್ ಎಂಬ ಹೊಸ ಲೋಹದ ರೇಡಿಯಂ ದ್ರವ' ಎಂದು ಬರೆದಿದ್ದೀರಿ. ಅದನ್ನು ಓದಿ ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಬೆಳಿಗ್ಗೆಯೇ ಫೋನ್ ಮಾಡಿದರು. 'ಸರ್, ರೇಡಿಯಂ ಅಂದ್ರ ಕ್ಯಾನ್ಸರ್ ಬರ್ತದಂತಲ್ರೀ, ನಮ್ಮಾಕಿ ಹತ್ತಿರ ನಿಂತು ನೋಡ್ಯಾಳಂತ' ಎಂದು ಅತ್ತೇಬಿಟ್ಟರು. ಅವರನ್ನು ಸಮಾಧಾನ ಮಾಡಲು ನನಗೆ ಸಾಕುಸಾಕಾಯಿತು.

ಪೆರೋವ್‌ಸ್ಕೈಟ್ ಲೋಹವಲ್ಲ, ಹೊಸದೂ ಅಲ್ಲ. ಪೆರೋವ್‌ಸ್ಕೈಟ್ ಖನಿಜ ರಷ್ಯಾದ ಉರಲ್ ಪರ್ವತದಲ್ಲಿ ಸಿಕ್ಕಿದ್ದು 1839ರಲ್ಲಿ. ಅದೇ ರೀತಿಯ ಹರಳಿನ ರಚನೆ ಇರುವ ಬೇರೆ ವಸ್ತುಗಳನ್ನೂ ಇವತ್ತು ಅದೇ ಹೆಸರಿನಿಂದ ಕರೆಯುತ್ತಾರೆ. ಮೊನ್ನೆ ಬಾಟಲಿಯಲ್ಲಿ ಇದ್ದದ್ದು ಸೀಸಿಯಂ, ಸೀಸ ಮತ್ತು ಬ್ರೋಮಿನ್ ಸೇರಿದ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಹರಳುಗಳು. ಅದರಲ್ಲಿ ರೇಡಿಯಂ ಒಂದು ಕಣವೂ ಇಲ್ಲ. ಆ ಸೀಸಿಯಂ ಕೂಡ ವಿಕಿರಣ ಸೂಸುವ ಬಗೆಯದಲ್ಲ. ರೇಡಿಯಂ ಯಾರೂ ಮುಟ್ಟದೇ ಇದ್ದರೂ ವಿಕಿರಣ ಬಿಡುತ್ತಲೇ ಇರುತ್ತದೆ. ಈ ಹರಳು ಟಾರ್ಚಿನಿಂದ ಬರುವ, ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ಹಸಿರು ಬೆಳಕನ್ನು ಹೊರಗೆ ಬಿಡುತ್ತದೆ, ಟಾರ್ಚ್ ಆರಿಸಿದ ಕೂಡಲೇ ಆರುತ್ತದೆ. ಹುಷಾರಾಗಿರಬೇಕಾದದ್ದು ಸೀಸದ ಬಗ್ಗೆ, ಅದು ವಿಷ. ಅದಕ್ಕೇ ಬೆಂಗಳೂರಿನಿಂದ ಬಂದಿದ್ದ ಸಂಶೋಧಕಿ ಕೈಗವಸು ಹಾಕಿದ್ದರು, ಬಾಟಲಿ ಬಿಗಿಯಾಗಿ ಮುಚ್ಚಿದ್ದರು. ಇದನ್ನು ಬರೆಯಬಹುದಿತ್ತು ಅಲ್ವಾ?

ಇನ್ನು ಕಾರ್ಯಕ್ರಮದ ಕಥೆ. ಹತ್ತು ಗಂಟೆಗೆ ಶುರು ಎಂದಿದ್ದರು. ಮಾನ್ವಿ ಕಡೆಯಿಂದ ಮಕ್ಕಳನ್ನು ಬಸ್ಸಿನಲ್ಲಿ ನಿಲ್ಲಿಸಿಕೊಂಡೇ ಕರೆತಂದೆ. ಅರ್ಧ ಮಕ್ಕಳು ತಿಂಡಿ ತಿಂದಿರಲಿಲ್ಲ. ಅತಿಥಿಗಳು ಬಂದಿದ್ದು ಹನ್ನೆರಡು ದಾಟಿದ ಮೇಲೆ. ಮುಂದಿನ ಸಾಲುಗಳೆಲ್ಲ ಅಧಿಕಾರಿಗಳಿಗೆ ಮೀಸಲು, ಮಕ್ಕಳು ಹಿಂದೆ. ಕುಡಿಯುವ ನೀರಿನ ಡ್ರಮ್ಮು ಖಾಲಿ. ಆಮೇಲೆ ಒಬ್ಬರಾದ ಮೇಲೆ ಒಬ್ಬರ ಭಾಷಣ. ಒಬ್ಬರಾದರೂ ವಿಷಯ ಮುಟ್ಟಲಿಲ್ಲ. ಸನ್ಮಾನಕ್ಕೆ ಜಾಗ ಸಾಲದು ಎಂದು ಪ್ರಯೋಗದ ಟೇಬಲ್ಲನ್ನೇ ಮೂಲೆಗೆ ತಳ್ಳಿದರು. ಅದರ ಮೇಲೆ ಶಾಲು, ಹಣ್ಣಿನ ಬುಟ್ಟಿ ಇಟ್ಟರು. ಆ ಸಂಶೋಧಕಿ ತಮ್ಮ ಬಾಟಲಿಗಳನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ನೋಡಿ ನನಗೆ ನಾಚಿಕೆಯಾಯಿತು.

ಅವರು ತೋರಿಸಬೇಕೆಂದಿದ್ದದ್ದು ಏನು ಗೊತ್ತಾ? ಈ ಹರಳುಗಳನ್ನು ಮಾಡುವ ಬಿಸಿ ವಿಧಾನದ ವಿಡಿಯೋ. ಸೀಸದ ಬ್ರೋಮೈಡನ್ನು ಎಣ್ಣೆಯಂಥ ದ್ರಾವಕದಲ್ಲಿ ಹಾಕಿ, ಹರಳಿಗೆ ಹೊದಿಕೆಯಂತೆ ಅಂಟುವ ಓಲಿಯಿಕ್ ಆಮ್ಲ ಮತ್ತು ಓಲಿಲಮೈನ್ ಎಂಬ ರಾಸಾಯನಿಕಗಳನ್ನು ಸೇರಿಸಿ, 140ರಿಂದ 200 ಡಿಗ್ರಿವರೆಗೆ ಕಾಯಿಸುತ್ತಾರೆ. ಸೀಸಿಯಂ ದ್ರಾವಣವನ್ನು ಸಿರಿಂಜಿನಿಂದ ಒಮ್ಮೆಲೇ ಒಳಗೆ ಬಿಡುತ್ತಾರೆ. ಸುಮಾರು 5 ಸೆಕೆಂಡ್ ಆದ ಮೇಲೆ ಐಸ್ ನೀರಿನಲ್ಲಿಟ್ಟು ತಣ್ಣಗೆ ಮಾಡುತ್ತಾರೆ. 2015ರಲ್ಲಿ ಜ್ಯೂರಿಕ್‌ನ ವಿಜ್ಞಾನಿ ಕೊವಲೆಂಕೊ ಅವರ ತಂಡ ಹೀಗೆ 4ರಿಂದ 15 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಭಾಗ) ಗಾತ್ರದ ಹರಳು ಮಾಡಿ ತೋರಿಸಿತು. ಒಳಗೆ ಹೋದ 100 ಬೆಳಕಿನ ಕಣಗಳಿಗೆ 90ರವರೆಗೂ ಹೊರಗೆ ಬಂದವು. ಟಿವಿ ಪರದೆಗೆ ಇವು ಬೇಕಾಗಿರುವುದು ಇದಕ್ಕೇ, ಬಣ್ಣವೂ ಬಹಳ ಶುದ್ಧ.

ವಿಡಿಯೋಗಿಂತ ದೊಡ್ಡದು ಮಕ್ಕಳ ಎದುರಿಗೇ ಮಾಡಬೇಕಿದ್ದ ಪ್ರಯೋಗ. ಹರಳಿನಲ್ಲಿ ಕ್ಲೋರಿನ್ ಇದ್ದರೆ ಹೊರಬರುವ ಬೆಳಕು ನೀಲಿ-ನೇರಳೆ, ಬ್ರೋಮಿನ್ ಇದ್ದರೆ ಹಸಿರು, ಅಯೋಡಿನ್ ಇದ್ದರೆ ಕೆಂಪು. ಹಸಿರು ದ್ರಾವಣಕ್ಕೆ ಅಯೋಡೈಡ್ (ಅಯೋಡಿನ್ ಇರುವ ಲವಣ) ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋದರೆ, ಕಾಯಿಸದೇನೇ, ಹರಳಿನೊಳಗಿನ ಬ್ರೋಮಿನ್ ಹೊರಬಂದು ಅಯೋಡಿನ್ ಒಳಗೆ ಸೇರುತ್ತದೆ. ಹಸಿರು ಹಳದಿಯಾಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಕೆಂಪು. ಹತ್ತನೇ ತರಗತಿಯಲ್ಲಿ ಸ್ಥಾನಪಲ್ಲಟ ಕ್ರಿಯೆ ಪಾಠ ಮಾಡುವ ನನ್ನಂಥವನಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಎಲ್ಲಿ ಸಿಗಬೇಕು?

ಅವರಿಗೆ ಮೈಕ್ ಕೊಟ್ಟಾಗ ಎರಡು ಗಂಟೆ. ಪ್ರೊಜೆಕ್ಟರ್ ಹಾಕಿದರು, ಕರೆಂಟ್ ಹೋಯಿತು. ಜನರೇಟರ್‌ಗೆ ಡೀಸೆಲ್ ಇಲ್ಲವಂತೆ. ನಮ್ಮ ಜಿಲ್ಲೆಯ ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರದ ಕರೆಂಟು ರಾಜ್ಯಕ್ಕೆಲ್ಲ ಹೋಗುತ್ತದೆ, ಅದರ ಬೂದಿ, ಬಿಸಿ ನಮಗೆ. ರಾಯಚೂರಿಗೆ ಐಐಟಿ ಕೇಳಿದೆವು, 2016ರಲ್ಲಿ ಧಾರವಾಡಕ್ಕೆ ಹೋಯಿತು. ಏಮ್ಸ್‌ಗೆ 2022ರಿಂದ ಧರಣಿ ಕೂತೆವು. ಬಂದವರೆಲ್ಲ ಮನವಿ ತಗೊಂಡು ಹೋದರು. ಹಳ್ಳಿ ಶಾಲೆಗಳ ಪ್ರಯೋಗಾಲಯ ಎಂದರೆ ಬೀಗ ಹಾಕಿದ ಒಂದು ಬೀರು. ಅದನ್ನು ಕೇಳಿದರೆ ಅನುದಾನ ಬರಲಿ ಅಂತಾರೆ. ಶಾಲು ತರೋಕೆ ಅನುದಾನ ಎಲ್ಲಿಂದ ಬರುತ್ತೆ?

ಕೊನೆಗೆ ಆ ಸಂಶೋಧಕಿ ನೇರಳಾತೀತ ಬೆಳಕಿನ ಬ್ಯಾಟರಿ ಟಾರ್ಚ್ ತೆಗೆದರು. ಪರದೆ ಎಳೆದ ಮೂಲೆಯಲ್ಲಿ ಬಾಟಲಿಗೆ ಹಿಡಿದರು. ಮಾಸಲು ಹಳದಿ ನೀರಿನಂತಿದ್ದದ್ದು ಥಟ್ಟನೆ ಹಚ್ಚ ಹಸಿರಾಗಿ ಬೆಳಗಿತು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ನಮ್ಮ ಹುಡುಗಿ 'ಇದು ಯಾಕೆ ನೀಲಿ ಆಗಲ್ಲ ಮೇಡಂ?' ಎಂದು ಕೇಳಿದಳು. ಅವರು ಉತ್ತರ ಶುರು ಮಾಡುವಷ್ಟರಲ್ಲಿ ಒಬ್ಬ ಅಧಿಕಾರಿ ಬಂದು 'ಊಟಕ್ಕೆ ಲೇಟಾಯ್ತು, ಮುಗಿಸಿ' ಎಂದರು. ಅಷ್ಟೇ, ಮುಗಿಯಿತು.

ನೀವು ಮೊದಲು ತಿದ್ದುಪಡಿ ಹಾಕಿ, ಮೊದಲ ಪುಟದಲ್ಲೇ ಹಾಕಿ. ಇಲಾಖೆಯವರು ಆ ಸಂಶೋಧಕಿಯನ್ನು ಮತ್ತೆ ಕರೆಸಿ, ಕ್ಷಮೆ ಕೇಳಿ, ಇಡೀ ಪ್ರಯೋಗ ಮಾಡಿಸಬೇಕು. ತಾಲ್ಲೂಕಿಗೊಂದು ಮಾಡಿಸಿದರೆ ಇನ್ನೂ ಒಳ್ಳೆಯದು. ಕರೆಂಟಿನವರಿಗೂ ಯಾರಾದರೂ ಹೇಳಬೇಕು. ಅದಾಗದಿದ್ದರೆ, ಇಲಾಖೆಯವರೇ, ಸುಮ್ನೆ ನಮ್ಮ ಮಕ್ಕಳನ್ನು ಚಪ್ಪಾಳೆ ತಟ್ಟೋಕೆ ಕರೆಸಬೇಡಿ. ಕುರ್ಚಿ ತುಂಬಿಸೋಕೆ ನಿಮ್ಮ ಕಚೇರಿಯವರನ್ನೇ ಕೂರಿಸಿಕೊಳ್ಳಿ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕ, ಮಾನ್ವಿ ತಾಲ್ಲೂಕು