ಗಂಟೆ ಬಾರಿಸಿದವನಿಗೆ

ಗೆಳೆಯಾ,

ಏಳನೆಯ ತರಗತಿಯಲ್ಲಿದ್ದಾಗ ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಕಂಬಿಯ ತುಂಡನ್ನು ಒಂದು ಗಂಟೆ ಮೊದಲೇ ಬಾರಿಸಿ ಇಡೀ ಶಾಲೆಯನ್ನು ಮನೆಗೆ ಓಡಿಸಿದವನು ನೀನು. ಬಾರಿಸೆಂದು ನಿನ್ನ ಕಿವಿಯಲ್ಲಿ ಊದಿದವನು ನಾನು. ಮರುದಿನ ಏಟು ಬಿದ್ದದ್ದು ನಿನ್ನ ಅಂಗೈಗೆ. ನಾನು ಲೆಕ್ಕದ ಪುಸ್ತಕದಲ್ಲಿ ಮುಖ ಹುದುಗಿಸಿ ಕುಳಿತಿದ್ದೆ.

ಈಚೆಗೆ ಯಹೂದಿಗಳ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುಡ್ ಕುರಿತು ಓದುವಾಗ ಆ ಬೆತ್ತದ ಸದ್ದು ಮತ್ತೆ ಕೇಳಿಸಿತು. ನನ್ನಂಥವನಿಗೆ ಹೇಳಿ ಮಾಡಿಸಿದ ಸೂತ್ರವೊಂದು ಅಲ್ಲಿದೆ: ಪಾಪದ ಕೆಲಸಕ್ಕೆ ದೂತನಿಲ್ಲ. ಮದುವೆಯ ನಿಶ್ಚಯಕ್ಕೋ ವ್ಯಾಪಾರಕ್ಕೋ ಒಬ್ಬನನ್ನು ಕಳುಹಿಸಿದರೆ, ಅವನು ಮಾಡಿದ್ದು ಕಳುಹಿಸಿದವನೇ ಮಾಡಿದಂತೆ. ತಪ್ಪಿನಲ್ಲಿ ಮಾತ್ರ ಹಾಗಲ್ಲ, ಮಾಡಿದವನೇ ಹೊಣೆ. ಗುರುವಿನ ಮಾತು, ಶಿಷ್ಯನ ಮಾತು, ಇವೆರಡರಲ್ಲಿ ಯಾವುದನ್ನು ಕೇಳಬೇಕು ಎಂಬುದು ಅವರ ತರ್ಕ. ದೇವರೇ ಬೇಡವೆಂದಿರುವಾಗ ನನ್ನ ಮಾತನ್ನು ನೀನೇಕೆ ಕೇಳಿದೆ?

ಓದಿ ಹಾಯೆನಿಸಿತು, ಸುಳ್ಳೇಕೆ ಹೇಳಲಿ. ಆದರೆ ಅಲ್ಲಿಯೇ ಶಮ್ಮಾಯಿ ಎಂಬ ಹಿರಿಯ ಅಡ್ಡ ಬರುತ್ತಾನೆ. ಕಳುಹಿಸಿದವನೇ ಅಪರಾಧಿ ಎನ್ನುವ ಆತ ಬೈಬಲ್ಲಿನ ದಾವೀದ ರಾಜನ ಕಥೆಯನ್ನು ಮುಂದಿಡುತ್ತಾನೆ. ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕೂಡಿದ ದಾವೀದ, ಊರೀಯನನ್ನು ಕಾಳಗ ಬಿರುಸಾದ ಕಡೆ ನಿಲ್ಲಿಸಿ ನೀವು ಹಿಂದೆ ಸರಿಯಿರಿ ಎಂದು ಸೇನಾಪತಿ ಯೋವಾಬನಿಗೆ ಪತ್ರ ಬರೆದ. ಆ ಪತ್ರವನ್ನು ಹೊತ್ತು ಹೋದವನು ಊರೀಯನೇ! ಬಾಣ ಬಿಟ್ಟವರು ಶತ್ರುಗಳಾದ ಅಮ್ಮೋನಿಯರು. ಆದರೂ ಪ್ರವಾದಿ ನಾತಾನ ನೇರವಾಗಿ ಅರಮನೆಗೆ ಬಂದು, ಅಮ್ಮೋನಿಯರ ಕತ್ತಿಯಿಂದ ಅವನನ್ನು ಕೊಂದವನು ನೀನು ಎಂದು ರಾಜನಿಗೇ ಹೇಳಿದ.

ಇನ್ನೊಂದು ತಮಾಷೆಯಿದೆ. ಮೊದಲ ಹೆಣ್ಣು ಹವ್ವಳಿಗೆ ದೇವರು ಬೇಡವೆಂದ ಹಣ್ಣನ್ನು ತಿನ್ನಿಸಿ ಕೆಡಿಸಿದ ಹಾವು ಕೂಡ ಇದೇ ಗುರು-ಶಿಷ್ಯರ ವಾದ ಹೂಡಬಹುದಿತ್ತಂತೆ. ದೇವರು ಅದಕ್ಕೆ ಬಾಯಿ ತೆರೆಯುವ ಅವಕಾಶವನ್ನೇ ಕೊಡಲಿಲ್ಲ. ಅನ್ಯ ದೇವರ ಪೂಜೆಗೆ ಜನರನ್ನು ಎಳೆಯುವವನ ಪರವಾಗಿ ನ್ಯಾಯಾಲಯ ವಾದ ಹುಡುಕಬಾರದೆಂಬ ನಿಯಮಕ್ಕೆ ಇದನ್ನೇ ಆಧಾರವೆನ್ನುತ್ತಾರೆ.

ನಮ್ಮಿಬ್ಬರ ಲೆಕ್ಕ ನಿಂತಿರುವುದು ಬೆಂಕಿಯ ವಿಧಿಯ ಮೇಲೆ. ತಿಳಿದ ದೊಡ್ಡವನ ಕೈಯಲ್ಲಿ ಬೆಂಕಿ ಕಳುಹಿಸಿ ಹೊಲ ಸುಟ್ಟರೆ, ಒಯ್ದವನೇ ದಂಡ ತೆರಬೇಕು. ಬಾಲಕನ ಕೈಯಲ್ಲಿ ಕಳುಹಿಸಿದರೆ, ಕಳುಹಿಸಿದವನು ಮನುಷ್ಯರ ನ್ಯಾಯದಲ್ಲಿ ಪಾರು, ಸ್ವರ್ಗದ ನ್ಯಾಯದಲ್ಲಿ ಹೊಣೆ. ಅವರಲ್ಲಿ ಹುಡುಗ ದೊಡ್ಡವನಾಗುವುದು 13 ತುಂಬಿದಾಗ. ನನಗೆ ಆಗ ತುಂಬಿತ್ತು. ನಿನ್ನದು ಗೊತ್ತಿಲ್ಲ. ಮೇಷ್ಟ್ರು ದಾಖಲೆಯಲ್ಲಿ ಬರೆದುಕೊಂಡ ಜೂನ್ 1 ಬೇಡ. ಅಮ್ಮನನ್ನು ಕೇಳಿ ನೀನು ಹುಟ್ಟಿದ ನಿಜವಾದ ದಿನ ಬರೆ.

ನಿನ್ನವನೇ