ನಮಾಂಗಾ ದಾಟುವ ಮುನ್ನ

ರಾಜ್ಯೋತ್ಸವದ ಶಾಮಿಯಾನ ಬಿಚ್ಚುವಷ್ಟರಲ್ಲೇ ಡಿಸೆಂಬರ್ ರಜೆಯ ಮಾತು ಶುರುವಾಗಿದೆ. ಈ ಸಲ ನೈರೋಬಿಯ ನಮ್ಮ ಕನ್ನಡ ಸಂಘದ ನಾಲ್ಕೈದು ಮನೆಯವರು ಸ್ವಂತ ಗಾಡಿಯಲ್ಲಿ ತಾಂಜಾನಿಯಾಕ್ಕೆ ಹೊರಟಿದ್ದಾರೆ. ಅರುಷಾ, ಗೊರೊಂಗೊರೊ, ಪುರುಸೊತ್ತಿದ್ದವರಿಗೆ ಜಂಜಿಬಾರ್. "ಪಕ್ಕದ ಮನೆಗೆ ಹೋಗಿ ಬಂದ ಹಾಗೆ ಬಿಡಿ" ಎಂದರು ಒಬ್ಬರು. ದೂರದ ಲೆಕ್ಕದಲ್ಲಿ ಸುಳ್ಳಲ್ಲ. ನೈರೋಬಿಯಿಂದ ನಮಾಂಗಾ ಗಡಿಗೆ ಸುಮಾರು 165 ಕಿ.ಮೀ., ಅಲ್ಲಿಂದ ಅರುಷಾಕ್ಕೆ 110. ಬೆಂಗಳೂರಿನಿಂದ ದಾವಣಗೆರೆಗೆ ಹೋದಷ್ಟೇ. ಆದರೆ ದಾವಣಗೆರೆಗೆ ಹೊರಟವರು ಯಾರೂ ಬೀರುವಿನಲ್ಲಿ ಪಾಸ್‌ಪೋರ್ಟ್ ಹುಡುಕುವುದಿಲ್ಲವಲ್ಲ!

ಕಳೆದ ವರ್ಷ ನಾವೂ ಅದೇ ಧೈರ್ಯದಲ್ಲಿ ಹೊರಟಿದ್ದೆವು. ದುಬೈಯಿಂದ ಬಂದಿದ್ದ ಮೈದುನ ಜೊತೆಗಿದ್ದ. ಕಜಿಯಾಡೊ ದಾಟಿದ ಮೇಲೆ ಬಿಸಿಲ್ ಎಂಬ ಊರು ಬರುತ್ತದೆ. ಹೆಸರು ಕನ್ನಡದ್ದಲ್ಲ, ಬಿಸಿಲು ಮಾತ್ರ ಅಪ್ಪಟ ರಾಯಚೂರಿನದು. ಅಲ್ಲಿ ಚಹಾ ಕುಡಿದು ಹತ್ತೂವರೆಗೆಲ್ಲ ಗಡಿ ಮುಟ್ಟಿದೆವು. ಒಳಗೆ ಕಾಲಿಟ್ಟೊಡನೆ ಸಿಗುವುದು ಆರೋಗ್ಯ ಇಲಾಖೆಯ ಮೇಜು. ಅಲ್ಲಿದ್ದ ಹೆಂಗಸು ಮೈದುನನ ಲಸಿಕೆಯ ಹಳದಿ ಕಾರ್ಡು ಬಿಡಿಸಿ, ತಾರೀಖಿನ ಮೇಲೆ ಪೆನ್ನಿಟ್ಟು, ಎಡಗೈ ಬೆರಳು ಒಂದೊಂದೇ ಮಡಿಸುತ್ತಾ ಎಣಿಸಿದಳು. ಎಂಟು. "ಪೋಲೆ ಸಾನಾ", ಅಂದರೆ ತುಂಬಾ ವಿಷಾದ, ಎಂದಳು. ಪಾಪ, ನಿಜವಾಗಿಯೂ ಬೇಜಾರು ಮಾಡಿಕೊಂಡೇ ಹೇಳಿದಳು.

ಯೆಲ್ಲೋ ಫೀವರ್ ಚುಚ್ಚುಮದ್ದು ಹಾಕಿಸಿದ ಹತ್ತು ದಿನಗಳ ನಂತರವೇ ಆ ಕಾರ್ಡಿಗೆ ಬೆಲೆ. ಕೀನ್ಯಾದಿಂದ ಹೋಗುವವರನ್ನು ತಾಂಜಾನಿಯಾ ಈ ಕಾರ್ಡು ಕೇಳುತ್ತದೆ, ವರ್ಷ ತುಂಬಿದ ಕೂಸಿಗೂ ಬೇಕು. ಮೈದುನ ನೈರೋಬಿಗೆ ಇಳಿದ ಮೇಲೆ ಚುಚ್ಚಿಸಿಕೊಂಡಿದ್ದ, ದಿನ ಎಣಿಸುವುದು ನಮಗ್ಯಾರಿಗೂ ಹೊಳೆದಿರಲಿಲ್ಲ. ಗಾಡಿ ತಿರುಗಿಸಿ ಎರಡು ರಾತ್ರಿ ಅಂಬೊಸೆಲಿಯಲ್ಲಿ ಕಳೆದೆವು. ಆನೆಗಳನ್ನೇನೋ ಕಣ್ತುಂಬ ನೋಡಿದೆವು. ಆದರೆ ಅರುಷಾದ ಹೋಟೆಲಿಗೆ ಕಟ್ಟಿದ ದುಡ್ಡು ಹೋಯಿತು.

ನಿಮ್ಮ ಕಾರ್ಡಿನ ಮೇಲೆ ಹತ್ತು ವರ್ಷದ ಅವಧಿ ಬರೆದಿದ್ದರೆ ಗಾಬರಿ ಬೇಡ. 2016ರ ಜುಲೈಯಿಂದ ಹಳೆಯ ಕಾರ್ಡೂ ಜೀವಮಾನವಿಡೀ ನಡೆಯುತ್ತದೆ. ಊರಿನಿಂದ ಬಂದ ಅಪ್ಪ, ಅಮ್ಮ, ಅತ್ತೆ, ಮಾವ ಅರವತ್ತು ದಾಟಿದವರಾದರೆ ಡಾಕ್ಟರನ್ನು ಕೇಳದೆ ಚುಚ್ಚಿಸಬೇಡಿ. ಬೇಡವೆಂದರೆ ಹಾಗೆಂದು ಅವರಿಂದಲೇ ಪತ್ರ ಬರೆಸಿಕೊಳ್ಳಿ. ಕೀನ್ಯಾದಿಂದ ಹಿಂದಿರುಗುವವರನ್ನು ನಮ್ಮ ಭಾರತವೂ ಇದೇ ಕಾರ್ಡು ಕೇಳುತ್ತದೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇರಿಸಬಹುದು.

ಇನ್ನು ವೀಸಾ. ಇಲ್ಲಿ ವರ್ಷಗಟ್ಟಲೆ ಇದ್ದು, ಸುಕುಮಾ ವಿಕಿ ಸೊಪ್ಪಿನ ಪಲ್ಯಕ್ಕೆ ಸಾಸಿವೆ ಒಗ್ಗರಣೆ ಹಾಕಿ ತಿನ್ನುವ ನಾವು ನಮ್ಮನ್ನು ಅರೆ ಕೀನ್ಯಾದವರೆಂದೇ ಅಂದುಕೊಂಡಿದ್ದೇವೆ. ಗಡಿಯ ಕೌಂಟರಿಗೆ ಅದೆಲ್ಲ ಬೇಕಿಲ್ಲ. ಕೀನ್ಯಾದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ ಇಲ್ಲ. ಭಾರತದ ಪಾಸ್‌ಪೋರ್ಟಿನವರು, ಕೈಯಲ್ಲಿ ಯಾವ ವರ್ಕ್ ಪರ್ಮಿಟ್ ಇದ್ದರೂ, ತಲೆಗೆ 50 ಡಾಲರ್ ಕಟ್ಟಲೇಬೇಕು. ನೈರೋಬಿಯಲ್ಲಿ ಹುಟ್ಟಿದ ಮಗುವಿನದು ಭಾರತದ ಪಾಸ್‌ಪೋರ್ಟಾದರೆ ಅದಕ್ಕೂ ಅಷ್ಟೇ. ಗಡಿಯಲ್ಲೂ ವೀಸಾ ಕೊಡುತ್ತಾರೆ, ಆದರೆ ಮಕ್ಕಳನ್ನು ಕಟ್ಟಿಕೊಂಡು ಸಾಲಿನಲ್ಲಿ ನಿಲ್ಲುವ ಬದಲು ಎರಡು ಮೂರು ವಾರ ಮೊದಲೇ ಆನ್‌ಲೈನಿನಲ್ಲಿ ಹಾಕುವುದು ವಾಸಿ. ಅವರ ವಲಸೆ ಇಲಾಖೆಯ ತಾಣದಲ್ಲೇ ಹಾಕಿ. ಅದೇ ರೂಪು ಹೊತ್ತು ಹೆಚ್ಚು ದುಡ್ಡು ಕೀಳುವ ಏಜೆಂಟರು ಬಹಳ ಮಂದಿ ಇದ್ದಾರೆ. ಪಾಸ್‌ಪೋರ್ಟಿಗೆ ಆರು ತಿಂಗಳಾದರೂ ಆಯುಷ್ಯ ಉಳಿದಿರಲಿ.

ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಇದೆಯೆಂದು ನೆಮ್ಮದಿಯಾಗಿರುವವರಿಗೆ ಒಂದು ಮಾತು. ಅದು ಕೀನ್ಯಾ, ಉಗಾಂಡಾ, ರುವಾಂಡಾಗಳಿಗೆ ಮಾತ್ರ, ತಾಂಜಾನಿಯಾ ಅದರಲ್ಲಿಲ್ಲ. ಊರಿಂದ ಬಂದ ಹಿರಿಯರನ್ನು ಕರೆದೊಯ್ಯುವುದಾದರೆ ಅವರ ಇ-ಟಿಎ (ಕೀನ್ಯಾಕ್ಕೆ ಬರಲು ಆನ್‌ಲೈನಿನಲ್ಲಿ ಪಡೆದ ಅನುಮತಿ) ಮೇಲೆ ಕೀನ್ಯಾಕ್ಕೆ ಮತ್ತೆ ಒಳಬರಬಹುದೇ ಎಂದು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಹೋಗುವುದಕ್ಕಿಂತ ವಾಪಸು ಬರುವಾಗಲೇ ತಲೆನೋವು ಜಾಸ್ತಿ.

ನಮಾಂಗಾದಲ್ಲಿ 2018ರಿಂದ ಗಡಿಯ ಎರಡೂ ಕಡೆಯ ಕಟ್ಟಡಗಳಲ್ಲಿ ಎರಡೂ ದೇಶದ ಅಧಿಕಾರಿಗಳು ಒಟ್ಟಿಗೇ ಕೂರುತ್ತಾರೆ. ಹೋಗುವಾಗ ಕೀನ್ಯಾದ ಕಟ್ಟಡದ ಮುಂದೆ ನಿಲ್ಲದೆ ನೇರ ಆ ಕಡೆಯದಕ್ಕೇ ಹೋಗಿ. ಹೊರಡುವ ಮುದ್ರೆಯೂ ಒಳಬರುವ ಮುದ್ರೆಯೂ ಅಲ್ಲೇ. ಗಾಡಿಯ ಲಾಗ್‌ಬುಕ್ (ನೋಂದಣಿ ಪತ್ರ) ಜೊತೆಗಿರಲಿ, ಕಂಪನಿಯ ಗಾಡಿಯಾದರೆ ಒಪ್ಪಿಗೆ ಪತ್ರ ಬೇಕು. ಆ ಕಡೆಯೂ ನಡೆಯುವ ಗಾಡಿ ವಿಮೆಗೆ ಕೊಮೆಸಾ ಯೆಲ್ಲೋ ಕಾರ್ಡನ್ನು ನೈರೋಬಿಯಲ್ಲೇ ಮಾಡಿಸಿಕೊಳ್ಳಿ. ಇದಕ್ಕೂ ಜ್ವರದ ಕಾರ್ಡಿಗೂ ಬಣ್ಣದ ನಂಟಷ್ಟೇ. ಆ ಕಡೆ ಪ್ರತಿ ಹಳ್ಳಿಯಲ್ಲೂ ವೇಗಕ್ಕೆ ಗಂಟೆಗೆ 50 ಕಿ.ಮೀ. ಮಿತಿ, ಮರದ ನೆರಳಲ್ಲಿ ಬಿಳಿ ಸಮವಸ್ತ್ರದ ಪೊಲೀಸರು. ಅವರು ತಮಾಷೆಗೆ ನಿಂತಿರುವುದಿಲ್ಲ.

ಹೊರಗೆ ಹಣ ಬದಲಿಸುತ್ತೇವೆಂದು ಮುತ್ತಿಕೊಳ್ಳುವ ಹುಡುಗರಿಂದ ದೂರವಿರಿ. ನಮ್ಮ ಒಂದು ಶಿಲ್ಲಿಂಗಿಗೆ ಅಲ್ಲಿನವು ಹತ್ತಿರ ಹತ್ತಿರ ಇಪ್ಪತ್ತು. ಸೊನ್ನೆಗಳ ಕಟ್ಟು ಎಣಿಸುವಾಗ ನಮ್ಮೆಜಮಾನರಂಥ ಲೆಕ್ಕಿಗರೇ ಒಂದು ಸೊನ್ನೆ ಕಳೆದುಕೊಂಡು ಬಂದರು.

ತಿಂಡಿ ಕಟ್ಟಿಕೊಳ್ಳದೆ ನಾವು ಊರು ಬಿಡುವುದುಂಟೇ? ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ಎಲ್ಲ ಸ್ಟೀಲ್ ಡಬ್ಬಿಯಲ್ಲಿ, ಬಟ್ಟೆ ಚೀಲದಲ್ಲಿ ಹೋಗಲಿ. ಕೀನ್ಯಾ 2017ರಲ್ಲಿ ನಿಷೇಧಿಸಿದ ಪ್ಲಾಸ್ಟಿಕ್ ಚೀಲವನ್ನು ತಾಂಜಾನಿಯಾ 2019ರ ಜೂನ್ 1ರಿಂದ ನಿಷೇಧಿಸಿದೆ. ನಮಗೆ ರೂಢಿಯಾಗಿದೆ, ಅತ್ತೆಯವರು ಒಂದರೊಳಗೊಂದು ಸುತ್ತಿ ತಂದ ಕವರುಗಳನ್ನು ಮಾತ್ರ ಹೊರಡುವ ಹಿಂದಿನ ರಾತ್ರಿ ಒಮ್ಮೆ ಜಾಲಾಡಿ.

ಜಂಜಿಬಾರಿಗೆ ಹೋಗುವವರಿಗೆ ಇನ್ನೊಂದು ಖರ್ಚಿದೆ. 2024ರ ಅಕ್ಟೋಬರಿನಿಂದ ಅಲ್ಲಿನದೇ ಪ್ರವಾಸ ವಿಮೆ ಕಡ್ಡಾಯ, ದೊಡ್ಡವರಿಗೆ 44 ಡಾಲರ್.

ಬಸ್ಸಿನಲ್ಲಿ ಹೋಗುವವರು ಟಿಕೆಟಿನ ಗಂಟೆಯನ್ನು ಎರಡು ಸಲ ಕೇಳಿ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಹೊತ್ತು ಹುಟ್ಟಿದ ಮೇಲೆ. ಅವರ "ಸಾ ಮೋಜಾ", ಅಂದರೆ ಒಂದು ಗಂಟೆ, ನಮ್ಮ ಬೆಳಗಿನ ಏಳು. ನಮ್ಮಜ್ಜಿಗೆ ಹೇಳಿದ್ದರೆ "ಸರಿಯಾಗೇ ಇದೆಯಲ್ಲ" ಅನ್ನುತ್ತಿದ್ದರು. ಅರುಷಾದ ನಿಲ್ದಾಣದಲ್ಲಿ ಮಧ್ಯಾಹ್ನ ಒಂದಕ್ಕೆ ಪೆಟ್ಟಿಗೆ ಹಿಡಿದು ನಿಂತ ನಮ್ಮ ಸದಸ್ಯರೊಬ್ಬರನ್ನು ಈ ಬಗ್ಗೆ ಕೇಳಬೇಡಿ, ಅವರಿಗಿನ್ನೂ ಸಿಟ್ಟು ಇಳಿದಿಲ್ಲ.